ಕಿಮೊ ಟ್ಯೂಬ್ ಇರುವ ಕೈ ಊದಿದರೆ ಟ್ಯೂಬ್ ಯಾಕೆ ತೆಗೆಯುವುದಿಲ್ಲ?

ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಅದರಲ್ಲಿ 200 ಮೊದಲ ವರ್ಷವೇ ಎಂದು 2025-26ರ ಕೇಂದ್ರ ಬಜೆಟ್ ಹೇಳಿತು. ಅದೇ ವರ್ಷ ಕರ್ನಾಟಕ ಸರ್ಕಾರವೂ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕಿಮೊ ಕೇಂದ್ರಗಳನ್ನು ಶುರು ಮಾಡಿತು. ಬೆಳಿಗ್ಗೆ ಹೋಗಿ ಕಿಮೊ ಹಾಕಿಸಿಕೊಂಡು ಸಂಜೆ ಮನೆಗೆ ಬರುವ ವ್ಯವಸ್ಥೆ. ಕಾರವಾರದಿಂದ ಹೆದ್ದಾರಿ ಹಿಡಿದು, ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಬರುವವರಿಗೆ ಇದು ದೊಡ್ಡ ನೆಮ್ಮದಿಯ ಸುದ್ದಿಯೇ.

ಆದರೆ ಸುದ್ದಿಯಲ್ಲಿ ಕಾಣಿಸದ ಒಂದು ವಿಷಯ ಇದೆ. ರೋಗಿ ಸಂಜೆ ಮನೆಗೆ ಹೋಗುವಾಗ ಅನೇಕ ಸಲ ಟ್ಯೂಬ್ ಕೂಡ ಜೊತೆಗೇ ಹೋಗುತ್ತದೆ. ತೋಳಿನಲ್ಲಿ ಒಂದು ಸಣ್ಣ ನಳಿಕೆ, ಮೇಲೆ ಪಾರದರ್ಶಕ ಪ್ಲಾಸ್ಟರ್. ಎರಡನೇ ವಾರಕ್ಕೆ ಆ ಕೈ ಸ್ವಲ್ಪ ಊದುತ್ತದೆ, ಬಳೆ ಬಿಗಿಯಾಗುತ್ತದೆ. ಆಸ್ಪತ್ರೆಗೆ ಹೋದರೆ ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟಿದೆ ಅನ್ನುತ್ತಾರೆ. ಇಷ್ಟಾದ ಮೇಲೂ ಟ್ಯೂಬನ್ನು ಅಲ್ಲೇ ಬಿಟ್ಟು, ಮಾತ್ರೆ ಕೊಟ್ಟು ಕಳಿಸುತ್ತಾರೆ. ಮನೆಯವರಿಗೆ ತಲೆ ಕೆಡುವುದೇ ಇಲ್ಲಿ. ಟ್ಯೂಬ್‌ನಿಂದ ತೊಂದರೆ ಆಗಿದೆ ಎಂದ ಮೇಲೆ ಟ್ಯೂಬ್ ತೆಗೆಯಬೇಕು ಅಲ್ವಾ?

ಹೆಚ್ಚಿನ ಸಲ, ತೆಗೆಯದೆ ಬಿಡುವುದೇ ಸರಿ. ಯಾಕೆ ಅನ್ನುವುದಕ್ಕೆ ಟ್ಯೂಬ್ ಯಾಕೆ ಬೇಕಾಯಿತು ಎನ್ನುವಲ್ಲಿಂದ ಶುರು ಮಾಡಬೇಕು.

ಟ್ಯೂಬ್ ಹಾಕುವುದೇ ಯಾಕೆ?

ಮೊದಲಿಗೆ ಒಂದು ಗೊಂದಲ ಬಗೆಹರಿಸೋಣ. ಕ್ಯಾಥೆಟರ್ ಎಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಮೂತ್ರದ ಟ್ಯೂಬ್. ಇದು ಅದಲ್ಲ. ಇದು ನಾವು ಬಾಯಿಮಾತಿನಲ್ಲಿ ನರ ಎನ್ನುವ ರಕ್ತನಾಳದೊಳಗೆ ಹೋಗುವ ತೆಳು ನಳಿಕೆ.

ಕಿಮೊ ಔಷಧಗಳಲ್ಲಿ ಕೆಲವು ಬಹಳ ಖಾರ. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೈಯ ಸಣ್ಣ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಟ್ಟ ಹಾಗೆ ಆಗುತ್ತದೆ. ಸೋರದಿದ್ದರೂ ಮೂರು ನಾಲ್ಕು ಸುತ್ತು ಕಿಮೊ ಆಗುವಷ್ಟರಲ್ಲಿ ಕೈಯ ರಕ್ತನಾಳಗಳು ಗಟ್ಟಿಯಾಗಿ ಹಗ್ಗದ ಹಾಗಾಗುತ್ತವೆ, ಸೂಜಿ ಹಾಕಲು ಜಾಗವೇ ಸಿಗುವುದಿಲ್ಲ. ಕರುಳಿನ ಕ್ಯಾನ್ಸರ್‌ನ ಕೆಲವು ಚಿಕಿತ್ಸೆಗಳಲ್ಲಿ ಒಂದು ಔಷಧ ಸತತ 46 ಗಂಟೆ ಹನಿಯುತ್ತಲೇ ಇರಬೇಕು. ಮುಂಗೈಯ ಸಾಮಾನ್ಯ ಸೂಜಿಯನ್ನು ಅಷ್ಟು ಹೊತ್ತು ನಂಬಿ ಕೂರುವ ಹಾಗಿಲ್ಲ.

ಅದಕ್ಕೇ ಔಷಧವನ್ನು ನೇರ ಹೃದಯದ ಬಾಗಿಲಿನ ಹತ್ತಿರದ ದೊಡ್ಡ ರಕ್ತನಾಳಕ್ಕೆ ತಲುಪಿಸುತ್ತಾರೆ. ಅಲ್ಲಿ ರಕ್ತ ರಭಸವಾಗಿ ಹರಿಯುತ್ತದೆ. ಖಾರದ ಔಷಧ ಬಿದ್ದ ಕ್ಷಣಕ್ಕೇ ತೆಳುವಾಗಿ ಕೊಚ್ಚಿಕೊಂಡು ಹೋಗುತ್ತದೆ.

ನಮ್ಮ ಕಡೆಯ ರೋಗಿಗಳು ಜಾಸ್ತಿ ಕೇಳುವ ಹೆಸರು ಎರಡು. ಒಂದು ಪಿಕ್ ಲೈನ್. ಮೇಲ್ತೋಳಿನಲ್ಲಿ ಒಳಗೆ ಹೋಗಿ, ಸುಮಾರು 40 ಸೆಂಟಿಮೀಟರ್ ಒಳಗೊಳಗೇ ಸಾಗಿ ಎದೆಯೊಳಗೆ ಕೊನೆಯಾಗುತ್ತದೆ. ಹೊರಗಿನ ತುದಿ ತೋಳಿನ ಮೇಲೆ ಕಾಣುತ್ತಿರುತ್ತದೆ. ಇನ್ನೊಂದು ಕಿಮೊ ಪೋರ್ಟ್. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ನಾಣ್ಯದಷ್ಟು ಅಗಲದ ಒಂದು ಪುಟ್ಟ ಡಬ್ಬಿ ಕೂರಿಸುತ್ತಾರೆ. ಹೊರಗೆ ಏನೂ ಕಾಣುವುದಿಲ್ಲ, ಮುಟ್ಟಿದರೆ ಉಬ್ಬು ಸಿಗುತ್ತದೆ ಅಷ್ಟೆ.

ಹಾಲಿಗೂ ರಕ್ತಕ್ಕೂ ಒಂದೇ ಮಾತು

ಹೆಪ್ಪು ಎನ್ನುವ ಪದವನ್ನು ನಾವು ಮೊಸರಿಗೂ ಬಳಸುತ್ತೇವೆ, ರಕ್ತಕ್ಕೂ ಬಳಸುತ್ತೇವೆ. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಉಪಯೋಗಕ್ಕೆ ಬರುತ್ತದೆ. ಮೊಸರಾಗಲು ಹಾಲು ಅಲ್ಲಾಡದೆ ನಿಲ್ಲಬೇಕು, ಒಳಗೆ ಹೆಪ್ಪು ಬೀಳಬೇಕು, ಹಾಲಿನ ಹದವೂ ಅದಕ್ಕೆ ಒಗ್ಗಬೇಕು.

ರಕ್ತದ ಬಗ್ಗೆ ಹೆಚ್ಚುಕಡಿಮೆ ಇದೇ ಮೂರು ಕಾರಣಗಳನ್ನು ಇಂದಿಗೂ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಹೆಸರಿನಲ್ಲೇ ಕಲಿಸುತ್ತಾರೆ. ಅವನು ಇದರ ಬಗ್ಗೆ ಬರೆದದ್ದು 1856ರಲ್ಲಿ. ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಗಾಯವಾಗುವುದು, ರಕ್ತವೇ ಹೆಪ್ಪುಗಟ್ಟಲು ತಯಾರಾಗಿ ನಿಂತಿರುವುದು. ಕಿಮೊ ಟ್ಯೂಬ್ ಇರುವ ಕ್ಯಾನ್ಸರ್ ರೋಗಿಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ.

ಹರಿವಿನ ಮಾತು ತೋಟ ಇರುವವರಿಗೆ ಬೇಗ ಅರ್ಥವಾಗುತ್ತದೆ. ತೋಡಿನಲ್ಲಿ ಒಂದು ಕೋಲು ಅಡ್ಡ ಸಿಕ್ಕಿಕೊಂಡರೆ ಮೊದಲು ನಾಲ್ಕು ಎಲೆ ಬಂದು ನಿಲ್ಲುತ್ತವೆ, ಆಮೇಲೆ ಅಡಿಕೆ ಸೋಗೆ, ಆಮೇಲೆ ಕೆಸರು. ಟ್ಯೂಬ್ ಕೂಡ ರಕ್ತನಾಳದಲ್ಲಿ ಹಾಗೇ ಅಡ್ಡ ಇರುತ್ತದೆ. ಗಾಯ ಎರಡು ಕಡೆಯಿಂದ ಆಗುತ್ತದೆ. ಸೂಜಿ ಒಳಗೆ ಹೋದ ಜಾಗದಲ್ಲಿ ಒಂದು, ಕೈ ಆಡಿಸಿದಾಗ ಟ್ಯೂಬಿನ ತುದಿ ಗೋಡೆಗೆ ಉಜ್ಜುವುದರಿಂದ ಇನ್ನೊಂದು. ಇನ್ನು ರಕ್ತದ ಹದ. ಅನೇಕ ಕ್ಯಾನ್ಸರ್ ಕೋಶಗಳು ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವ ವಸ್ತುಗಳನ್ನು ತಾವೇ ಹೊರಹಾಕುತ್ತವೆ. ಸಿಸ್‌ಪ್ಲಾಟಿನ್, ಆಸ್ಪರಾಜಿನೇಸ್‌ನಂಥ ಔಷಧಗಳೂ ಅದಕ್ಕೆ ಕೈಜೋಡಿಸುತ್ತವೆ.

ಕ್ಯಾನ್ಸರ್‌ಗೂ ಹೆಪ್ಪಿಗೂ ನಂಟಿದೆ ಎಂದು 1865ರಲ್ಲೇ ಪಾಠ ಮಾಡಿದ ಫ್ರಾನ್ಸಿನ ವೈದ್ಯ ಆರ್ಮಾಂ ಟ್ರೂಸೋ, ಮುಂದೆ ತನ್ನ ಮೈಯಲ್ಲೇ ಹೆಪ್ಪು ಕಾಣಿಸಿಕೊಂಡಾಗ ತನಗೂ ಕ್ಯಾನ್ಸರ್ ಇದೆ ಎಂದು ತಾನೇ ತಿಳಿದುಕೊಂಡ. 1867ರಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ. ಆ ಕಾಲದಲ್ಲಿ ಪಿಕ್ ಲೈನೂ ಇರಲಿಲ್ಲ, ಕಿಮೊ ಪೋರ್ಟೂ ಇರಲಿಲ್ಲ. ಅಂದರೆ ಟ್ಯೂಬನ್ನು ಒಂಟಿ ಅಪರಾಧಿ ಮಾಡುವ ಹಾಗಿಲ್ಲ.

ಗೊತ್ತಾಗುವುದು ಹೇಗೆ?

ಕಷ್ಟ ಏನೆಂದರೆ, ಇಂಥ ಹೆಪ್ಪುಗಳಲ್ಲಿ ಬಹಳಷ್ಟು ಸದ್ದೇ ಮಾಡುವುದಿಲ್ಲ. ನೋವಿಲ್ಲ, ಊತವಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣುತ್ತವೆ. ಲಕ್ಷಣ ತೋರಿಸುವವು ಸಾಮಾನ್ಯವಾಗಿ ಟ್ಯೂಬ್ ಹಾಕಿದ ಮೊದಲ ಕೆಲವು ವಾರಗಳಲ್ಲೇ ತೋರಿಸುತ್ತವೆ.

ಮೊದಲು ಗೊತ್ತಾಗುವುದು ಡಾಕ್ಟರಿಗಲ್ಲ, ಮನೆಯವರಿಗೆ. ರವಿಕೆಯ ತೋಳು ಒಂದೇ ಕಡೆ ಬಿಗಿಯಾಗುತ್ತದೆ. ಉಂಗುರ ಬರುವುದಿಲ್ಲ. ಕೈ ಭಾರ ಅನ್ನಿಸುತ್ತದೆ, ಭುಜದ ಹತ್ತಿರವೋ ಕುತ್ತಿಗೆಯಲ್ಲೋ ಎಳೆತದ ನೋವು. ಎದೆಯ ಮೇಲೆ ಮೊದಲು ಕಾಣದಿದ್ದ ನೀಲಿ ಗೆರೆಗಳು ಎದ್ದು ಕಾಣುತ್ತವೆ. ದಾರಿ ಕಟ್ಟಿದಾಗ ರಕ್ತ ಒಳದಾರಿ ಹುಡುಕಿಕೊಂಡದ್ದರ ಗುರುತು ಅದು. ಕೆಲವರಲ್ಲಿ ಮುಖ ಊದುತ್ತದೆ.

ಪಕ್ಕಾ ಮಾಡುವುದು ಸರಳ ಸ್ಕ್ಯಾನಿಂಗ್, ಡಾಪ್ಲರ್ ಎಂದು ಬರೆದುಕೊಡುತ್ತಾರೆ. ಸ್ಕ್ಯಾನ್ ಮಾಡುವವರು ತೋಳಿಗೆ ತಣ್ಣನೆಯ ಜೆಲ್ ಹಚ್ಚಿ, ಕಡ್ಡಿಯನ್ನು ಮೆಲ್ಲಗೆ ಒತ್ತುತ್ತಾರೆ. ಪರದೆಯ ಮೇಲೆ ರಕ್ತನಾಳ ಒಂದು ಕಪ್ಪು ಉಂಗುರದಂತೆ ಕಾಣುತ್ತದೆ. ಒಳಗೆ ಬರೀ ರಕ್ತ ಇದ್ದರೆ ಒತ್ತಿದಾಗ ಉಂಗುರ ಚಪ್ಪಟೆಯಾಗಿ ಮಾಯವಾಗುತ್ತದೆ, ಬಿಟ್ಟಾಗ ಮತ್ತೆ ತೆರೆದುಕೊಳ್ಳುತ್ತದೆ. ಹೆಪ್ಪು ಇದ್ದರೆ ಎಷ್ಟು ಒತ್ತಿದರೂ ಅದು ಮುಚ್ಚುವುದಿಲ್ಲ. ಪರೀಕ್ಷೆಯ ಮುಖ್ಯ ಭಾಗ ಇಷ್ಟೇ. ಕಾಲರ್ ಮೂಳೆಯ ಕೆಳಗಿನ ಭಾಗವನ್ನು ಮಾತ್ರ ಹೀಗೆ ಒತ್ತಿ ನೋಡಲು ಆಗುವುದಿಲ್ಲ. ಅಲ್ಲಿ ಹರಿವನ್ನು ನೋಡಿ ಅಂದಾಜು ಮಾಡಬೇಕು, ಇಲ್ಲವೇ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ನಡುವೆ ಒಂದು ಮಾತು. ಊದಿದ ಕೈಗೆ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕುವುದು ನಮ್ಮ ಕಡೆ ಮಾಮೂಲು. ಟ್ಯೂಬ್ ಇರುವ ಕೈಗೆ ಇದು ಬೇಡವೇ ಬೇಡ. ಒಳಗೆ ಹೆಪ್ಪು ಇದೆಯೋ ಇಲ್ಲವೋ ಗೊತ್ತಿಲ್ಲದೆ ಉಜ್ಜುವುದು ಅಪಾಯ. ಎಣ್ಣೆಗೆ ಪ್ಲಾಸ್ಟರ್ ಎದ್ದು ಬರುವುದು ಬೇರೆ.

ಕೈಯ ಹೆಪ್ಪು ಕಾಲಿನ ಹೆಪ್ಪಿನಷ್ಟು ಸಲ ಶ್ವಾಸಕೋಶಕ್ಕೆ ಹಾರುವುದಿಲ್ಲ. ಆದರೆ ಹಾರುವುದೇ ಇಲ್ಲ ಅಂತಲ್ಲ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಮರುದಿನದ ಒಪಿಡಿಗೆ ಕಾಯುವ ಪ್ರಶ್ನೆಯೇ ಇಲ್ಲ, 108ಕ್ಕೆ ಫೋನ್ ಮಾಡಬೇಕು.

ತೆಗೆಯಬೇಕೋ, ಬಿಡಬೇಕೋ

ಈಗ ಮೂಲ ಪ್ರಶ್ನೆಗೆ ಬರೋಣ. ತೆಗೆಯಿರಿ ಎನ್ನುವವರ ವಾದ ಸುಲಭವಾಗಿ ಅರ್ಥವಾಗುತ್ತದೆ: ಮುಳ್ಳು ಚುಚ್ಚಿದರೆ ಮೊದಲು ಮುಳ್ಳು ತೆಗೆಯಬೇಕು.

ಇನ್ನೊಂದು ಕಡೆಯ ಲೆಕ್ಕ ಹೀಗಿದೆ. ಟ್ಯೂಬ್ ತೆಗೆದರೂ ಹೆಪ್ಪು ಅಲ್ಲೇ ಇರುತ್ತದೆ, ಹಾಗಾಗಿ ಔಷಧ ತಪ್ಪುವುದಿಲ್ಲ. ಕಿಮೊ ಇನ್ನೂ ಬಾಕಿ ಇದ್ದರೆ ಹೊಸ ಟ್ಯೂಬ್ ಬೇಕು. ಅದನ್ನು ಇನ್ನೊಂದು ಕೈಗೋ ಕುತ್ತಿಗೆಯ ಹತ್ತಿರಕ್ಕೋ ಹಾಕಬೇಕು. ರಕ್ತದ ಹದ ಬದಲಾಗಿಲ್ಲ, ಕ್ಯಾನ್ಸರ್ ಅಲ್ಲೇ ಇದೆ. ಅಂದರೆ ಹೊಸ ಜಾಗದಲ್ಲಿ ಹೊಸ ಗಾಯ, ಹೊಸ ಹೆಪ್ಪಿಗೆ ಹೊಸ ಅವಕಾಶ. ಒಂದು ಕೈಯ ತೊಂದರೆ ಎರಡೂ ಕೈಗೆ ಆಗಬಹುದು. ಈ ಗಡಿಬಿಡಿಯಲ್ಲಿ ಒಂದು ಸುತ್ತು ಕಿಮೊ ತಡವಾದರೆ ಅದೂ ನಷ್ಟವೇ.

ಈ ಲೆಕ್ಕವನ್ನು ಕೆನಡಾದ ವೈದ್ಯರು ಪರೀಕ್ಷೆಗೆ ಹಚ್ಚಿದರು. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 74 ಕ್ಯಾನ್ಸರ್ ರೋಗಿಗಳಿಗೆ ಟ್ಯೂಬ್ ತೆಗೆಯದೆಯೇ ಹೆಪ್ಪು ತಡೆಯುವ ಔಷಧ ಕೊಟ್ಟು ಮೂರು ತಿಂಗಳು ನೋಡಿದರು. ಹೆಪ್ಪು ಮರುಕಳಿಸಲಿಲ್ಲ, ಹೆಪ್ಪಿನ ಕಾರಣಕ್ಕೆ ಟ್ಯೂಬ್ ಕೆಟ್ಟದ್ದೂ ಇಲ್ಲ. 2018ರಲ್ಲಿ 70 ರೋಗಿಗಳಲ್ಲಿ ರಿವಾರೊಕ್ಸಾಬಾನ್ ಮಾತ್ರೆಯನ್ನು ಹೀಗೇ ನೋಡಿದರು. ಟ್ಯೂಬ್‌ಗಳು ಉಳಿದವು. ಆದರೆ 9 ಜನರಿಗೆ ರಕ್ತಸ್ರಾವ ಆಯಿತು, ಒಬ್ಬರು ಶ್ವಾಸಕೋಶದ ಹೆಪ್ಪಿನಿಂದ ತೀರಿಕೊಂಡರು. ಎರಡೂ ಸಣ್ಣ ಅಧ್ಯಯನಗಳು. ಟ್ಯೂಬ್ ತೆಗೆದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿದ್ದಲ್ಲ. ಇದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ತೆಗೆಯಲೇಬೇಕು ಎನ್ನುವ ವಾದಕ್ಕೆ ಇಷ್ಟು ಆಧಾರವೂ ಇಲ್ಲ.

ಹಾಗಾಗಿ ಇಂದಿನ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು ಇದನ್ನೇ: ಟ್ಯೂಬ್ ಇನ್ನೂ ಬೇಕು, ಕೆಲಸ ಮಾಡುತ್ತಿದೆ, ತುದಿ ಸರಿಯಾದ ಜಾಗದಲ್ಲಿದೆ, ಸೋಂಕಿಲ್ಲ ಎಂದಾದರೆ ಬಿಡಿ. ಇದರಲ್ಲಿ ಒಂದು ತಪ್ಪಿದರೂ ತೆಗೆಯುವ ಯೋಚನೆ ಮಾಡಿ. ಔಷಧ ಕೊಟ್ಟ ಮೇಲೂ ಊತ ಏರುತ್ತಿದ್ದರೆ, ಅಥವಾ ರಕ್ತಸ್ರಾವದ ಭಯದಿಂದ ಔಷಧವನ್ನೇ ಕೊಡಲಾಗದಿದ್ದರೆ ತೆಗೆಯಬೇಕಾಗುತ್ತದೆ. ತೆಗೆಯುವುದಾದರೂ ಸಾಧ್ಯವಿದ್ದರೆ ಕೆಲವು ದಿನ ಔಷಧ ಕೊಟ್ಟ ಮೇಲೆ ತೆಗೆಯುವುದನ್ನು ಹಲವು ವೈದ್ಯರು ಬಯಸುತ್ತಾರೆ. ಎಳೆಯುವಾಗ ಹಸಿ ಹೆಪ್ಪು ಕಳಚಿ ಹೋಗಬಾರದು ಎನ್ನುವುದು ಕಾರಣ.

ಇಂಜೆಕ್ಷನ್ನೋ, ಮಾತ್ರೆಯೋ

ಔಷಧ ಕಡಿಮೆ ಎಂದರೂ ಮೂರು ತಿಂಗಳು. ಟ್ಯೂಬ್ ಅದಕ್ಕಿಂತ ಜಾಸ್ತಿ ದಿನ ಇದ್ದರೆ, ಟ್ಯೂಬ್ ಇರುವಷ್ಟು ದಿನ.

ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನೊಕ್ಸಾಪರಿನ್‌ನಂಥ ಹೆಪಾರಿನ್ ಇಂಜೆಕ್ಷನ್ ಬಹಳ ವರ್ಷಗಳ ನಂಬಿಕೆಯ ಮದ್ದು. ದಿನಾ ಚುಚ್ಚಿಸಿಕೊಳ್ಳುವ ಕಾಟ, ಖರ್ಚೂ ಇದೆ. ಎಪಿಕ್ಸಾಬಾನ್, ರಿವಾರೊಕ್ಸಾಬಾನ್ ಮಾತ್ರೆಗಳು ಈಗ ಹಲವು ಕಂಪನಿಗಳಿಂದ ಜೆನೆರಿಕ್ ಆಗಿ ಸಿಗುತ್ತವೆ. ಆದರೆ ಹೊಟ್ಟೆ, ಕರುಳಿನ ಕ್ಯಾನ್ಸರ್ ಗಡ್ಡೆ ಇನ್ನೂ ಒಳಗಿದ್ದರೆ ಅಲ್ಲಿಂದ ರಕ್ತ ಸೋರುವ ಭಯ ಮಾತ್ರೆಯಲ್ಲಿ ಜಾಸ್ತಿ. ವಾಂತಿ ನಿಲ್ಲದವರಿಗೆ ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದೂ ಇಲ್ಲ.

ಹಳೆಯ ವಾರ್ಫರಿನ್ ಈಗ ಕೊನೆಯ ಆಯ್ಕೆ. ಕಿಮೊ ನಡೆಯುವಾಗ ಅದರ ಪ್ರಮಾಣ ಹಿಡಿತಕ್ಕೆ ಸಿಗುವುದಿಲ್ಲ. ಒಂದು ವಾರ ಊಟ ಸೇರದೆ ಬರೀ ಗಂಜಿ, ಮುಂದಿನ ವಾರ ಎರಡು ದಿನ ಹರಿವೆ, ಬಸಳೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ನೇರ ಎದುರಾಳಿ. ಹೊಸ ಮಾತ್ರೆ ತಿನ್ನುವವರಿಗೆ ಈ ಪಥ್ಯ ಇಲ್ಲ. ಹಳೆ ಕಾಲದ ಸಲಹೆ ಕೇಳಿ ಸುಮ್ನೆ ಬಸಳೆ ಬಿಟ್ಟವರು ಮತ್ತೆ ತಿನ್ನಬಹುದು.

ಕಿಮೊ ಪ್ಲೇಟ್‌ಲೆಟ್ಟನ್ನೂ ಇಳಿಸುತ್ತದೆ. ಹೆಪ್ಪಿಗೆ ಔಷಧ ಬೇಕು, ಪ್ಲೇಟ್‌ಲೆಟ್ ಇಳಿದಾಗ ಅದೇ ಔಷಧ ರಕ್ತ ಸೋರಿಸುತ್ತದೆ. ಸಾಮಾನ್ಯವಾಗಿ 50,000ಕ್ಕಿಂತ ಮೇಲಿದ್ದರೆ ಪೂರ್ತಿ ಪ್ರಮಾಣ, ಅದರ ಕೆಳಗೆ ಇಳಿದರೆ ಕಡಿಮೆ, 25,000ದ ಕೆಳಗೆ ನಿಲ್ಲಿಸುವುದು ಎನ್ನುವ ಲೆಕ್ಕದಲ್ಲಿ ನಡೆಯುತ್ತಾರೆ. ರಕ್ತ ಪರೀಕ್ಷೆ ನೋಡದೆ ಹಳೆ ಚೀಟಿ ಹಿಡಿದು ಮೆಡಿಕಲ್‌ನಿಂದ ಮಾತ್ರೆ ತರುತ್ತಾ ಹೋದರೆ ಎಡವಟ್ಟಾಗುವುದು ಇಲ್ಲಿ.

ಎಲ್ಲರಿಗೂ ಮೊದಲೇ ಮಾತ್ರೆ ಕೊಡಬಾರದಾ?

ಕೊಟ್ಟು ನೋಡಿದ್ದಾರೆ. 1990ರ ಒಂದು ಸಣ್ಣ ಅಧ್ಯಯನ ದಿನಕ್ಕೆ 1 ಮಿಲಿಗ್ರಾಂ ವಾರ್ಫರಿನ್ ಸಾಕು ಎಂಬ ಆಸೆ ಹುಟ್ಟಿಸಿತು. 2009ರಲ್ಲಿ ಬ್ರಿಟನ್ನಿನ 1,590 ರೋಗಿಗಳ ದೊಡ್ಡ ಅಧ್ಯಯನ ಬಂತು, ಅಷ್ಟು ಸಣ್ಣ ಪ್ರಮಾಣದಿಂದ ಟ್ಯೂಬಿನ ಹೆಪ್ಪು ಕಡಿಮೆಯಾಗಲಿಲ್ಲ. 2019ರ ಕೆನಡಾ ಅಧ್ಯಯನದಲ್ಲಿ ಹೆಪ್ಪಿನ ಅಪಾಯ ಜಾಸ್ತಿ ಇದ್ದವರನ್ನೇ ಆರಿಸಿ ಎಪಿಕ್ಸಾಬಾನ್ ಕೊಟ್ಟಾಗ ಹೆಪ್ಪು 10.2 ಶೇಕಡಾದಿಂದ 4.2ಕ್ಕೆ ಇಳಿಯಿತು, ದೊಡ್ಡ ರಕ್ತಸ್ರಾವ 1.8ರಿಂದ 3.5ಕ್ಕೆ ಏರಿತು. ಅದು ಮೈಯ ಎಲ್ಲ ಕಡೆಯ ಹೆಪ್ಪಿನ ಲೆಕ್ಕ, ಟ್ಯೂಬಿನದ್ದು ಮಾತ್ರ ಅಲ್ಲ. ಟ್ಯೂಬ್ ಇದೆ ಎನ್ನುವ ಒಂದೇ ಕಾರಣಕ್ಕೆ ಎಲ್ಲರಿಗೂ ಮಾತ್ರೆ ಬೇಡ ಎನ್ನುವುದು ಈಗಿನ ರೂಢಿ.

ನಿಜವಾದ ತಡೆ ಟ್ಯೂಬ್ ಹಾಕುವ ದಿನವೇ

ಮಾತ್ರೆಗಿಂತ ಹೆಚ್ಚು ಫಲ ಕೊಡುವ ತೀರ್ಮಾನಗಳು ಆ ದಿನ ಆಗಿಹೋಗುತ್ತವೆ. ಯಾವ ಟ್ಯೂಬ್, ಎಷ್ಟು ದಪ್ಪ, ತುದಿ ಎಲ್ಲಿ.

ದಪ್ಪದ ಲೆಕ್ಕ ನೋಡಿ. ಟ್ಯೂಬ್ ರಕ್ತನಾಳದ ಅಗಲದ 45 ಶೇಕಡಾ ಮೀರಬಾರದು. ಟ್ಯೂಬಿನ ಗಾತ್ರವನ್ನು ಫ್ರೆಂಚ್ ಎನ್ನುವ ಅಳತೆಯಲ್ಲಿ ಹೇಳುತ್ತಾರೆ, ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ರಕ್ತನಾಳ 3 ಮಿಲಿಮೀಟರ್ ಇದ್ದರೆ 4 ಫ್ರೆಂಚ್ ಟ್ಯೂಬ್ ಅಂದರೆ 1.3 ಮಿಲಿಮೀಟರ್, ಮಿತಿಯೊಳಗೇ ಇದೆ. ಎರಡು ಬಾಯಿ ಇರಲಿ, ಮುಂದೆ ಉಪಯೋಗಕ್ಕೆ ಬಂದೀತು ಎಂದು 5 ಫ್ರೆಂಚ್ ಹಾಕಿದರೆ 1.7 ಮಿಲಿಮೀಟರ್, ರಕ್ತನಾಳದ ಅಗಲದ ಅರ್ಧಕ್ಕಿಂತ ಜಾಸ್ತಿ ಆಯಿತು. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ರಕ್ತಕ್ಕೆ ದೊಡ್ಡ ವ್ಯತ್ಯಾಸ. ಇದಕ್ಕೇ ಸ್ಕ್ಯಾನ್ ಯಂತ್ರದಲ್ಲಿ ರಕ್ತನಾಳ ಅಳೆದು ಹಾಕುವುದು ಬರೀ ಶಿಸ್ತಿನ ಮಾತಲ್ಲ. ತುದಿ ಹೃದಯದ ಬಲ ಮೇಲ್ಕೋಣೆಗೆ ಸೇರುವ ಜಾಗದ ಹತ್ತಿರ ಇರಬೇಕು. ಮೇಲೆಯೇ ನಿಂತರೆ ಹೆಪ್ಪು ಜಾಸ್ತಿ.

ಇನ್ನು ಪಿಕ್ ಲೈನೋ ಪೋರ್ಟೋ ಎನ್ನುವುದು. 2021ರಲ್ಲಿ ಬ್ರಿಟನ್ನಿನ 1,061 ರೋಗಿಗಳ ಅಧ್ಯಯನದಲ್ಲಿ ಪೋರ್ಟ್ ಹಾಕಿದವರಲ್ಲಿ 32 ಶೇಕಡಾ ಜನರಿಗೆ, ಪಿಕ್ ಹಾಕಿದವರಲ್ಲಿ 47 ಶೇಕಡಾ ಜನರಿಗೆ ಒಂದಲ್ಲ ಒಂದು ತೊಂದರೆ ಆಯಿತು. ಹೆಪ್ಪು, ಸೋಂಕು, ಟ್ಯೂಬ್ ಕೆಡುವುದು ಎಲ್ಲ ಸೇರಿದ ಲೆಕ್ಕ ಇದು. ಅಂಕಿ ಪೋರ್ಟ್ ಪರ ಇದೆ. ಆದರೆ ಪೋರ್ಟ್ ಕೂರಿಸಲು ಸಣ್ಣ ಶಸ್ತ್ರಚಿಕಿತ್ಸೆ, ತೆಗೆಯಲು ಇನ್ನೊಂದು, ಮೊದಲ ದಿನದ ಖರ್ಚೂ ಜಾಸ್ತಿ. ಪಿಕ್ ಹಾಸಿಗೆಯ ಪಕ್ಕದಲ್ಲೇ ಹಾಕಬಹುದು. ಎರಡು ತಿಂಗಳ ಚಿಕಿತ್ಸೆಗೆ ಪೋರ್ಟ್ ಅತಿಯಾಯಿತು ಅನ್ನಿಸಬಹುದು, ಆರು ತಿಂಗಳಿಗೆ ಪಿಕ್ ಉಳಿತಾಯ ಎಂದು ಹೇಳುವುದು ಕಷ್ಟ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಲೆಕ್ಕವೂ ಸೇರಬೇಕು. ಪಿಕ್ ಲೈನ್‌ಗೆ ವಾರಕ್ಕೊಮ್ಮೆ ಡ್ರೆಸ್ಸಿಂಗ್ ಬದಲಾಯಿಸಿ, ಸಲೈನ್ ಹಾಕಿ ತೊಳೆಯಬೇಕು. ಸುಮ್ಮನಿರುವ ಪೋರ್ಟ್‌ಗೆ ಕೆಲವು ವಾರಗಳಿಗೊಮ್ಮೆ ಸಾಕು. ಮೇ ತಿಂಗಳ ಬೆವರಿಗೆ, ಜೂನ್ ನಂತರದ ತೇವಕ್ಕೆ ಪ್ಲಾಸ್ಟರ್ ವಾರ ತುಂಬುವ ಮೊದಲೇ ಅಂಚಿನಲ್ಲಿ ಏಳುತ್ತದೆ. ಎದ್ದರೆ ಟ್ಯೂಬ್ ಒಳಗೆ ಹೊರಗೆ ಜಾರಾಡುತ್ತದೆ, ತುದಿ ಜಾಗ ಬಿಡುತ್ತದೆ, ಸೋಂಕು ಒಳಬರುತ್ತದೆ. ಸೋಂಕು ಇದ್ದಲ್ಲಿ ಹೆಪ್ಪು, ಹೆಪ್ಪು ಇದ್ದಲ್ಲಿ ಸೋಂಕು. ಮಳೆಗೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದ ವಾರ ಡ್ರೆಸ್ಸಿಂಗ್ ತಪ್ಪಿದರೆ ಯಾರನ್ನು ದೂರುವುದು? ಮೂಡಿಗೆರೆಯಿಂದ ಇಳಿದು ಬರುವ ರೋಗಿಗೆ ಪಿಕ್ ಬರೆಯುವಾಗ ಡಾಕ್ಟರು ಕ್ಯಾಲೆಂಡರನ್ನೂ ನೋಡಬೇಕು.

ಮನೆಯಲ್ಲಿ ಮಾಡಬೇಕಾದ್ದು ಕಮ್ಮಿ. ಬಾವಿಯಿಂದ ನೀರು ಸೇದುವುದು, ಭಾರ ಎತ್ತುವುದು ಆ ಕೈಯಲ್ಲಿ ಬೇಡ. ಆ ಕೈಯಲ್ಲಿ ಬಿಪಿ ನೋಡಿಸುವುದೂ ಬೇಡ. ಹಾಗೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂರಬಾರದು. ಮುಷ್ಟಿ ಬಿಗಿಹಿಡಿದು ಬಿಡುತ್ತಾ ಇದ್ದರೆ ರಕ್ತ ಓಡಾಡುತ್ತದೆ.

ಹತ್ತಿರದ ಕೇಂದ್ರ ಬಂದ ಮೇಲೆ

ಕಿಮೊ ಹತ್ತಿರ ಬಂದರೆ ಟ್ಯೂಬಿನ ಆರೈಕೆಯೂ ಹತ್ತಿರ ಬರಬೇಕು. ಟ್ಯೂಬ್ ಹಾಕುವುದು ಮಣಿಪಾಲದಲ್ಲೋ ಮಂಗಳೂರಿನಲ್ಲೋ, ತೊಳೆಯುವುದು ತಾಲ್ಲೂಕು ಆಸ್ಪತ್ರೆಯಲ್ಲಿ, ಊತ ಕಾಣುವುದು ಭಾನುವಾರ ಮನೆಯಲ್ಲಿ. ಈ ಮೂರರ ನಡುವೆ ಮಾತುಕತೆ ಇಲ್ಲದಿದ್ದರೆ ಹೀಗಾಗುತ್ತದೆ: "ಸಿಸ್ಟರ್, ಕೈ ಸ್ವಲ್ಪ ಭಾರ" ಎಂದು ರೋಗಿ ಹೇಳುತ್ತಾರೆ, ಹಾಕಿದಲ್ಲಿಗೇ ಹೋಗಿ ಎಂದು ಇವರು ಕಳಿಸುತ್ತಾರೆ, ಮುಂದಿನ ಕಿಮೊ ದಿನ ಹೇಗೂ ಹೋಗ್ತೇವಲ್ಲ ಎಂದು ಮನೆಯವರು ಹತ್ತು ದಿನ ಬಿಡುತ್ತಾರೆ. ಅಥವಾ ಗೊತ್ತಿಲ್ಲದವರು ಯಾರೋ ಊತ ನೋಡಿ ಹೆದರಿ ಅಲ್ಲೇ ಟ್ಯೂಬ್ ಎಳೆದುಬಿಡುತ್ತಾರೆ.

ತೊಳೆಯುವುದಕ್ಕೂ ಕೈಗುಣ ಬೇಕು. 10 ಎಂಎಲ್ ಸಿರಿಂಜ್‌ನಲ್ಲೇ ಮಾಡಬೇಕು, ಸಣ್ಣ ಸಿರಿಂಜ್‌ನ ಒತ್ತಡಕ್ಕೆ ಟ್ಯೂಬ್ ಬಿರಿಯಬಹುದು. ಒಮ್ಮೆಲೇ ತಳ್ಳದೆ, ಸ್ವಲ್ಪ ತಳ್ಳಿ ನಿಲ್ಲಿಸಿ, ಮತ್ತೆ ಸ್ವಲ್ಪ ತಳ್ಳಬೇಕು. ಆಗ ಒಳಗೋಡೆಗೆ ಅಂಟಿದ್ದು ಎದ್ದು ಹೋಗುತ್ತದೆ. ಇದನ್ನು ಕಲಿಸಲು ದೊಡ್ಡ ಯಂತ್ರ ಬೇಡ, ತರಬೇತಿ ಬೇಕು. ಅದೇ ದಿನ ಡಾಪ್ಲರ್ ಮಾಡಿಸಲು ಮಾತ್ರ ಯಂತ್ರವೂ ಬೇಕು, ನೋಡುವವರೂ ಬೇಕು. ಖರ್ಚಿನ ವಿಷಯಕ್ಕೆ ಬಂದರೆ, ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಪಡೆಯುವವರು ಪೋರ್ಟ್ ಮತ್ತು ಮೂರು ತಿಂಗಳ ಮಾತ್ರೆ ಪ್ಯಾಕೇಜಿನೊಳಗೋ ಹೊರಗೋ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಟ್ಯೂಬ್ ಹಾಕಿಸುವ ಮೊದಲೇ ಕೇಳಬೇಕು.

ಕಾಸು ಖರ್ಚಿಲ್ಲದೆ ಆಗುವ ಕೆಲಸವೂ ಒಂದಿದೆ. ಪಿಕ್ ಲೈನ್ ಹಾಕಿದವರ ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕು ಅಂಶ: ಟ್ಯೂಬ್ ಹಾಕಿದ ದಿನಾಂಕ, ಚರ್ಮದ ಹೊರಗೆ ಉಳಿದಿರುವ ಉದ್ದ ಎಷ್ಟು ಸೆಂಟಿಮೀಟರ್, ಎಕ್ಸ್‌ರೇಯಲ್ಲಿ ತುದಿ ಎಲ್ಲಿ ಕಂಡಿತು, ಮೊಣಕೈಗಿಂತ 10 ಸೆಂಟಿಮೀಟರ್ ಮೇಲೆ ತೋಳಿನ ಸುತ್ತಳತೆ ಎಷ್ಟು. ಮುಂದೆ ಯಾವ ಊರಿನ ಯಾವ ನರ್ಸ್ ಆದರೂ ಟೇಪ್ ಹಿಡಿದು ಅಳೆದರೆ, ಕೈ ನಿಜವಾಗಿ ಊದಿದೆಯೋ, ಟ್ಯೂಬ್ ಹೊರಗೆ ಜಾರಿದೆಯೋ ಎಂದು ಎರಡು ನಿಮಿಷದಲ್ಲಿ ಹೇಳಬಹುದು.